ನರಗಳ ಹಸಿವು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿಗೆ ಸೇರಿದ ಲೋಕಾಪುರವು ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಸುತ್ತಲಿನ ನೆಲದಡಿಯಲ್ಲಿ ಸುಣ್ಣಕಲ್ಲು, ಹೊಲಗಳಲ್ಲಿ ಎರೆಮಣ್ಣು. ನೀರಾವರಿಯುಳ್ಳ ಕಡೆ ಕಬ್ಬು, ಇಲ್ಲದ ಕಡೆ ಬಿಳಿಜೋಳ ಮತ್ತು ಕಡಲೆ ಬೆಳೆಯುತ್ತವೆ. ಆ ಸೀಮೆಯ ಜನರ ಮುಖ್ಯ ಆಹಾರವು ಜೋಳದ ರೊಟ್ಟಿ. ಹಗಲೆಲ್ಲ ಹೊಲದಲ್ಲಿ ದುಡಿದ ಹಿರಿಯರು ರಾತ್ರಿ ಕಾಲು ಚಾಚಿ ಮಲಗಿದಾಗ, ಅಂಗಾಲು ಉರಿಯುತ್ತದೆಂದೋ, ಕಾಲು ಜೋಮು ಹಿಡಿದಿದೆಯೆಂದೋ, ಇರುವೆ ಹರಿದಂತಾಗುತ್ತದೆಂದೋ ಹೇಳಿಕೊಳ್ಳುವುದು ಇಂಥ ಊರುಗಳಲ್ಲಿ ಅಪರೂಪವಲ್ಲ. ಕೆಲವರಿಗೆ ನಡೆಯುವಾಗ ಪಾದದಿಂದ ಚಪ್ಪಲಿ ಜಾರಿಹೋದರೂ ಅದರ ಅರಿವಾಗುವುದಿಲ್ಲ. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಯಾರಾದರೂ ಕೂಗಿ ಹೇಳಬೇಕು.

ಇಂಥ ಬೇನೆಗೆ ಎಣ್ಣೆ ತಿಕ್ಕಿಸಿಕೊಳ್ಳುವವರಿದ್ದಾರೆ. ಔಷಧದ ಅಂಗಡಿಗೆ ಹೋಗಿ ‘ನರದ ಗುಳಿಗೆ’ಯನ್ನು ಕೇಳಿ ಪಡೆಯುವವರು ಅವರಿಗಿಂತ ಹೆಚ್ಚು. ಆ ಗುಳಿಗೆಯು ಸಾಮಾನ್ಯವಾಗಿ ‘ಬಿ’ ಗುಂಪಿನ ಜೀವಸತ್ವಗಳ ಮಿಶ್ರಣವಾಗಿರುತ್ತದೆ. ಅದನ್ನು ನುಂಗಿದವರಲ್ಲಿ ಕೆಲವರಿಗೆ ಕೆಲವೇ ವಾರಗಳಲ್ಲಿ ಗುಣ ಕಾಣುತ್ತದೆ. ಮತ್ತೆ ಕೆಲವರಿಗೆ ವರ್ಷವಿಡೀ ನುಂಗಿದರೂ ಯಾವ ವ್ಯತ್ಯಾಸವೂ ಆಗುವುದಿಲ್ಲ. ಅಪರೂಪವಾಗಿ, ಗುಳಿಗೆಯಿಂದಲೇ ಬೇನೆ ಹೆಚ್ಚಿದ ನಿದರ್ಶನಗಳೂ ಉಂಟು. ಒಂದೇ ವಸ್ತುವು ಒಬ್ಬನಿಗೆ ಮದ್ದಾಗಿ, ಇನ್ನೊಬ್ಬನಿಗೆ ನಿರುಪಯೋಗಿಯಾಗಿ, ಮತ್ತೊಬ್ಬನಿಗೆ ಕೇಡಾಗುವುದು ಹೇಗೆ? ಇದನ್ನು ತಿಳಿಯಬೇಕಾದರೆ ನರಗಳ ರಚನೆಯನ್ನೂ ಜೀವಸತ್ವಗಳು ಬೆಳಕಿಗೆ ಬಂದ ಕಥೆಯನ್ನೂ ತುಸು ಅರಿಯಬೇಕಾಗುತ್ತದೆ.

ಮಾನವನ ನರಮಂಡಲದಲ್ಲಿ ಎರಡು ಭಾಗಗಳಿವೆ. ಮಿದುಳು ಮತ್ತು ಮಿದುಳುಬಳ್ಳಿ ಸೇರಿ ಕೇಂದ್ರ ನರಮಂಡಲವಾಗುತ್ತದೆ. ಅಲ್ಲಿಂದ ಹೊರಟು ಚರ್ಮ, ಸ್ನಾಯು ಮತ್ತು ಒಳಾಂಗಗಳವರೆಗೆ ಹರಡಿಕೊಂಡಿರುವ ನರಗಳಿಗೆ ಪರಿಧಿಯ ನರಗಳೆಂದು ಹೆಸರು. ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿದ ಸುದ್ದಿಯನ್ನು ಮೇಲಕ್ಕೆ ಒಯ್ಯುವ ನರಕೋಶದ ಒಡಲು ಇರುವುದು ಕಾಲಿನಲ್ಲಲ್ಲ, ಸೊಂಟದ ಬಳಿ ಬೆನ್ನೆಲುಬಿನ ಪಕ್ಕದಲ್ಲಿ. ಅಲ್ಲಿಂದ ಬೆರಳಿನ ತುದಿಯವರೆಗೆ ಅದರ ಒಂದೇ ತಂತು ಚಾಚಿಕೊಂಡಿದೆ. ಅದರ ಉದ್ದ ಸುಮಾರು ಒಂದು ಮೀಟರು. ದಪ್ಪವಾದರೋ ಕೂದಲಿಗಿಂತ ಎಷ್ಟೋ ಪಾಲು ಕಡಿಮೆ. ಆ ತಂತುವನ್ನು ದುರಸ್ತಿಯಲ್ಲಿಡಲು ಬೇಕಾದ ಸಾಮಗ್ರಿಯ ಬಹುಭಾಗವು ಕೋಶದ ಒಡಲಿನಲ್ಲಿ ತಯಾರಾಗಿ ತುದಿಯವರೆಗೂ ಸಾಗಿ ಬರಬೇಕು.

ಘಟಪ್ರಭಾ ನದಿಗೆ ಹಿಡಕಲ್‌ನಲ್ಲಿ ಕಟ್ಟಿರುವ ಅಣೆಕಟ್ಟಿನ ಕಾಲುವೆಗಳು ಬಾಗಲಕೋಟೆ ಜಿಲ್ಲೆಯವರೆಗೂ ಹರಿದು ಬರುತ್ತವೆ. ನೀರು ಕಡಿಮೆಯಾದ ವರ್ಷ ಮೊದಲು ಒಣಗುವುದು ಕಾಲುವೆಯ ಕೊನೆಯಲ್ಲಿರುವ ಹೊಲವೆಂಬುದು ಅಲ್ಲಿಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲದ ಸಂಗತಿ. ನರಗಳ ವಿಷಯದಲ್ಲಿಯೂ ಹಾಗೆಯೇ. ಪೋಷಣೆ ಕುಗ್ಗಿದಾಗ ಅತಿ ಉದ್ದವಾದ ತಂತುಗಳ ತುದಿಗಳು ಮೊದಲು ಬಾಡುತ್ತವೆ. ಆದ್ದರಿಂದಲೇ ಜೋಮು ಮೊದಲು ಕಾಲ್ಬೆರಳುಗಳಲ್ಲಿ ತೋರಿ, ಕಾಲುಚೀಲ ತೊಟ್ಟಂತೆ ಮೆಲ್ಲಗೆ ಮೇಲಕ್ಕೆ ಏರುತ್ತದೆ. ಅದು ಮೊಣಕಾಲಿನ ಸಮೀಪ ಬರುವ ವೇಳೆಗೆ ಕೈಬೆರಳುಗಳಲ್ಲಿಯೂ ಆರಂಭವಾಗುತ್ತದೆ. ವೈದ್ಯರು ಇದನ್ನು ಪರಿಧಿಯ ನರರೋಗವೆಂದು ಕರೆಯುತ್ತಾರೆ. ಜ್ವರವೆಂಬುದು ಹೇಗೆ ಒಂದು ರೋಗದ ಹೆಸರಲ್ಲವೋ ಹಾಗೆಯೇ ಇದೂ ಒಂದು ರೋಗದ ಹೆಸರಲ್ಲ. ಹಲವು ಕಾರಣಗಳು ಬಂದು ಸೇರುವ ಒಂದೇ ಬಾಗಿಲು. ಆ ಕಾರಣಗಳಲ್ಲಿ ‘ಬಿ’ ಗುಂಪಿನ ಜೀವಸತ್ವಗಳ ಕೊರತೆಯು ಒಂದು. ಜೀವಸತ್ವವೆಂಬ ವಸ್ತುವೊಂದಿದೆಯೆಂಬುದು ಜಗತ್ತಿಗೆ ಮೊದಲು ತಿಳಿದುಬಂದುದೂ ಹೀಗೆ ಕಾಲಿನ ಶಕ್ತಿ ಉಡುಗಿದ ಪ್ರಾಣಿಗಳಿಂದಲೇ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಗ್ನೇಯ ಏಷ್ಯದ ಅಕ್ಕಿಯುಣ್ಣುವ ನಾಡುಗಳನ್ನು ಬೆರಿಬೆರಿ ಎಂಬ ಬೇನೆಯು ಪೀಡಿಸುತ್ತಿತ್ತು. ಅದು ತಗಲಿದವರ ಕಾಲುಗಳು ಮೊದಲು ಜೋಮು ಹಿಡಿದು ಅನಂತರ ಶಕ್ತಿಗುಂದುತ್ತಿದ್ದವು. ಕೆಲವರ ಮೈ ಊದಿಕೊಂಡು ಹೃದಯವೇ ಸೋಲುತ್ತಿತ್ತು. ರೋಗಾಣುಗಳ ಶೋಧದಿಂದ ವಿಜ್ಞಾನಿಗಳು ಉತ್ಸಾಹಗೊಂಡಿದ್ದ ಕಾಲವದು. ಬೆರಿಬೆರಿಗೂ ಯಾವುದೋ ರೋಗಾಣುವೇ ಕಾರಣವೆಂದು ನಂಬಿ, ಅದನ್ನು ಹುಡುಕಲು ಡಚ್ ಸರಕಾರವು 1886ರಲ್ಲಿ ಜಾವಾದ್ವೀಪಕ್ಕೆ ಒಂದು ತಂಡವನ್ನು ಕಳುಹಿಸಿತು. ಆ ತಂಡದಲ್ಲಿದ್ದ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ತರುಣ ವೈದ್ಯರು ಬಟೇವಿಯಾ ನಗರದ ಸೈನಿಕ ಆಸ್ಪತ್ರೆಯಲ್ಲಿಯೇ ನೆಲಸಿ ಸಂಶೋಧನೆಯನ್ನು ಮುಂದುವರಿಸಿದರು. ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು ಒಮ್ಮೆ ಇದ್ದಕ್ಕಿದ್ದಂತೆ ಕಾಲುಗಳ ಹಿಡಿತ ತಪ್ಪಿ ಉರುಳತೊಡಗಿದವು. ರೋಗಾಣುವಿನ ಚುಚ್ಚುಮದ್ದು ಪಡೆದ ಕೋಳಿಗಳೂ ಬಿದ್ದವು, ಪಡೆಯದ ಕೋಳಿಗಳೂ ಬಿದ್ದವು. ಕೆಲವು ತಿಂಗಳ ಅನಂತರ, ಯಾವ ಚಿಕಿತ್ಸೆಯೂ ಇಲ್ಲದೆ ಉಳಿದವು ಚೇತರಿಸಿಕೊಂಡವು. ಐಕ್‌ಮನ್ನರು ವಿಚಾರಿಸಿ ನೋಡಲಾಗಿ ತಿಳಿದುಬಂದ ವಿಷಯವು ಸೋಜಿಗದ್ದಾಗಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅಕ್ಕಿಯ ಅನ್ನವನ್ನು ಕೆಲವು ಕಾಲ ಕೋಳಿಗಳಿಗೆ ಹಾಕಲಾಗಿತ್ತು. ಅಷ್ಟರಲ್ಲಿ ಹೊಸದಾಗಿ ಬಂದ ಅಡುಗೆಯವನು, ಸೈನಿಕರ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಹಾಕಲಾಗದೆಂದು ನಿರಾಕರಿಸಿದ್ದನು. ಅಂದಿನಿಂದ ಅವುಗಳಿಗೆ ತೌಡು ತೆಗೆಯದ ಅಕ್ಕಿಯೇ ಗತಿಯಾಯಿತು. ಅದರಿಂದಲೇ ಅವು ಬದುಕಿದವು. ಅಡುಗೆಯವನೊಬ್ಬನ ಕಟ್ಟುನಿಟ್ಟು ವಿಜ್ಞಾನಕ್ಕೆ ಇಷ್ಟು ಉಪಕಾರ ಮಾಡಿದ ಉದಾಹರಣೆ ಬೇರೊಂದು ಇರಲಾರದು.

ಕೋಳಿಗೆ ಒಪ್ಪುವ ಮಾತು ಮನುಷ್ಯನಿಗೂ ಒಪ್ಪುವುದೆ? ಇದನ್ನು ಪರೀಕ್ಷಿಸಲು ವೋರ್ಡರ್‌ಮನ್ ಎಂಬ ಅಧಿಕಾರಿಯು ಜಾವಾದ 101 ಸೆರೆಮನೆಗಳ ಲೆಕ್ಕವನ್ನು ಸಂಗ್ರಹಿಸಿದರು. ಅವುಗಳಲ್ಲಿದ್ದ ಬಂದಿಗಳ ಸಂಖ್ಯೆ ಎರಡೂಮುಕ್ಕಾಲು ಲಕ್ಷಕ್ಕೂ ಮಿಕ್ಕಿತ್ತು. ತೌಡುಸಹಿತವಾದ ಅಕ್ಕಿಯನ್ನು ಉಣ್ಣುತ್ತಿದ್ದ ಸೆರೆಮನೆಗಳಲ್ಲಿ ಸುಮಾರು 10,000 ಮಂದಿಗೆ ಒಬ್ಬನಲ್ಲಿ ಮಾತ್ರ ಬೆರಿಬೆರಿ ಕಂಡಿತು. ಬಿಳುಪುಗೊಳಿಸಿದ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ 39 ಮಂದಿಗೆ ಒಬ್ಬನಂತೆ. ಇಷ್ಟಾದರೂ ಐಕ್‌ಮನ್ನರು ಅಕ್ಕಿಯೊಳಗಿನ ಪಿಷ್ಟದಲ್ಲಿ ವಿಷವಿದೆಯೆಂದೂ ತೌಡು ಅದಕ್ಕೆ ಪ್ರತಿವಿಷವೆಂದೂ ಭಾವಿಸಿದ್ದರು. ತೌಡಿನೊಡನೆ ಹೊರಟುಹೋಗುತ್ತಿರುವುದು ದೇಹಕ್ಕೆ ಅವಶ್ಯವಾದ ಒಂದು ಆಹಾರಾಂಶವೆಂದು 1901ರಲ್ಲಿ ಸರಿಯಾಗಿ ಗ್ರಹಿಸಿದವರು ಅವರ ಕೆಲಸವನ್ನು ಮುಂದುವರಿಸಿದ ಗ್ರೈನ್ಸ್ ಅವರು. ಪೋಲೆಂಡಿನ ಕಾಸಿಮಿರ್ ಫಂಕ್ 1912ರಲ್ಲಿ ಇಂಥ ಅಂಶಗಳಿಗೆ ‘ವಿಟಮಿನ್’ ಎಂಬ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಅದನ್ನೇ ಅನ್ನಾಂಗವೆಂದೂ ಜೀವಸತ್ವವೆಂದೂ ಕರೆದರು. ತೌಡಿನಲ್ಲಿದ್ದ ಆ ವಸ್ತುವು ಬಿ-1, ಅಥವಾ ಥಯಾಮಿನ್. ಅದರ ರಾಸಾಯನಿಕ ರಚನೆಯನ್ನು ಅರಿತು 1936ರಲ್ಲಿ ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಹುಟ್ಟಿದುದು ಆಂಧ್ರದ ನೆಲ್ಲೂರಿನಲ್ಲಿ.

ನರಗಳು ತಮ್ಮ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಮುಖ್ಯವಾಗಿ ಸಕ್ಕರೆಯಿಂದ ಪಡೆಯುತ್ತವೆ. ಸಕ್ಕರೆಯಿಂದ ಶಕ್ತಿಯನ್ನು ಬಿಡಿಸುವ ಕ್ರಿಯೆಗೆ ಥಯಾಮಿನ್ ಬೇಕೇಬೇಕು. ದಿನಕ್ಕೆ ಬೇಕಾದ ಪ್ರಮಾಣವು ಸುಮಾರು ಒಂದೂವರೆ ಮಿಲಿಗ್ರಾಮಿನ ಒಳಗೇ. ಆದರೆ ದೇಹದಲ್ಲಿರುವ ಸಂಗ್ರಹವು ಕೆಲವೇ ವಾರಗಳಿಗೆ ಸಾಲುವಂಥದು. ಮದ್ಯಪಾನದ ಚಟವುಳ್ಳವರಲ್ಲಿ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದಿರುವುದರಿಂದ, ಅವರ ಕಾಲುಗಳಲ್ಲಿ ಉರಿ ಮತ್ತು ನಿಶ್ಶಕ್ತಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಪೋಷಣವಿಜ್ಞಾನದ ಸಂಶೋಧನೆ ಮೊದಲಾದುದೂ ಬೆರಿಬೆರಿಯಿಂದಲೇ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿಯ ವಿಚಾರಣೆಯನ್ನು ಕೈಗೊಂಡರು. ಆ ಒಂದು ಕೋಣೆಯೇ ಬೆಳೆದು ಪೋಷಣ ಸಂಶೋಧನಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ವರ್ಗವಾಗಿ, 1969ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ದಕ್ಷಿಣ ಭಾರತದಲ್ಲಿ ಬೆರಿಬೆರಿಯು ವಿಶೇಷವಾಗಿ ಕಾಡಿದುದು ಆಂಧ್ರದ ಕರಾವಳಿಯ ಉತ್ತರ ಸರ್ಕಾರು ಜಿಲ್ಲೆಗಳಲ್ಲಿ. ಅಲ್ಲಿಯ ಜನರು ಗಿರಣಿಯಲ್ಲಿ ಬಿಳುಪುಗೊಳಿಸಿದ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದರು. ದಕ್ಷಿಣ ಕನ್ನಡದಲ್ಲಿಯೂ ಅಕ್ಕಿಯೇ ಆಹಾರ. ಆದರೆ ಅಲ್ಲಿ ಬಳಕೆಯಲ್ಲಿರುವುದು ಕುಚ್ಚಲಕ್ಕಿ. ಬತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಥಯಾಮಿನ್ ಕಾಳಿನ ಒಳಕ್ಕೆ ಇಳಿದು ನೆಲಸುತ್ತದೆ; ಆಮೇಲೆ ಗಿರಣಿಯಲ್ಲಿ ತೌಡು ತೆಗೆದರೂ ಅದು ಪೂರ್ತಿ ನಷ್ಟವಾಗದು. ಜೀವಸತ್ವದ ಹೆಸರನ್ನೇ ಕೇಳಿರದ ಗೃಹಿಣಿಯರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು.

ಲೋಕಾಪುರದಂಥ ಜೋಳದ ಸೀಮೆಗೆ ಈ ಭಯವು ಕಡಿಮೆಯಿತ್ತು. ಜೋಳವನ್ನು ಯಾರೂ ತೌಡು ತೆಗೆದು ಬಿಳುಪುಗೊಳಿಸುವುದಿಲ್ಲ. ಇಡೀ ಕಾಳನ್ನು ಬೀಸಿ, ಹಿಟ್ಟನ್ನು ನಾದಿ ರೊಟ್ಟಿ ಬಡಿಯುತ್ತಾರೆ. ಬಿಳುಪುಗೊಳಿಸಿದ ಅಕ್ಕಿಯಲ್ಲಿರುವುದರ ಹಲವು ಪಟ್ಟು ಥಯಾಮಿನ್ ಜೋಳದಲ್ಲಿ ಉಳಿದುಬರುತ್ತದೆ. ಆದರೆ ಜೋಳವನ್ನೇ ನಂಬಿದ ಬಡವರಿಗೆ ಬೇರೊಂದು ಬೇನೆ ಕಾದಿತ್ತು. ಅದರ ಹೆಸರು ಪೆಲ್ಲಾಗ್ರ.

ಇಟಲಿಯ ಭಾಷೆಯಲ್ಲಿ ಪೆಲ್ಲಾಗ್ರ ಎಂದರೆ ಒರಟು ಚರ್ಮ. ಬಿಸಿಲು ತಾಗುವ ಕತ್ತು, ಮುಂಗೈ, ಪಾದಗಳ ಚರ್ಮವು ಕಪ್ಪಿಟ್ಟು ಸುಲಿಯುವುದು, ಭೇದಿಯಾಗುವುದು, ಕೈಕಾಲು ಉರಿದು ಮರಗಟ್ಟುವುದು, ಕೊನೆಗೆ ಬುದ್ಧಿಭ್ರಮಣೆಯಾಗುವುದು ಅದರ ಲಕ್ಷಣಗಳು. ಯೂರೋಪು ಮತ್ತು ಅಮೆರಿಕಗಳಲ್ಲಿ ಅದು ಮೆಕ್ಕೆಜೋಳವನ್ನೇ ಉಂಡು ಬಾಳುವ ಬಡವರ ರೋಗವಾಗಿತ್ತು. ನಿಕೋಟಿನಿಕ್ ಆಮ್ಲ, ಎಂದರೆ ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಅದಕ್ಕೆ ಮೂಲವೆಂಬುದು, ನಾಯಿಗಳಲ್ಲಿ ಕಾಣುವ ಇಂಥದೇ ಬೇನೆಯನ್ನು ಎಲ್ವೆಜೆಮ್ ಎಂಬ ವಿಜ್ಞಾನಿ 1937ರಲ್ಲಿ ಅದರಿಂದ ಗುಣಪಡಿಸಿದಾಗ ಸ್ಪಷ್ಟವಾಯಿತು. ಈ ಆಮ್ಲವನ್ನು ರಸಾಯನ ವಿಜ್ಞಾನಿಗಳು ಮೊದಲು ಹೊಗೆಸೊಪ್ಪಿನ ನಿಕೋಟಿನ್‌ನಿಂದ ತಯಾರಿಸಿದ್ದರಿಂದ ಅದಕ್ಕೆ ಆ ಹೆಸರು ಬಂದಿತು. ಹಾಗೆಂದು ನಿಪ್ಪಾಣಿಯ ಹೊಗೆಸೊಪ್ಪನ್ನು ಅಗಿಯುವವರಿಗೆ ಅದರಿಂದ ಜೀವಸತ್ವವೇನೂ ದೊರೆಯುವುದಿಲ್ಲ. ನಮ್ಮ ದೇಹವು ಟ್ರಿಪ್ಟೋಫೇನ್ ಎಂಬ ಅಮೈನೋ ಆಮ್ಲದಿಂದಲೂ ನಯಾಸಿನ್ನನ್ನು ಮಾಡಿಕೊಳ್ಳಬಲ್ಲದು. 60 ಮಿಲಿಗ್ರಾಂ ಟ್ರಿಪ್ಟೋಫೇನಿನಿಂದ ಸುಮಾರು 1 ಮಿಲಿಗ್ರಾಂ ನಯಾಸಿನ್ ಆಗುತ್ತದೆ.

ದಖ್ಖನ್ ಪ್ರಸ್ಥಭೂಮಿಯಲ್ಲಿ ಪೆಲ್ಲಾಗ್ರಕ್ಕೆ ತುತ್ತಾಗುತ್ತಿದ್ದವರು ಮೆಕ್ಕೆಜೋಳ ತಿನ್ನುವವರಲ್ಲ, ಬಿಳಿಜೋಳ ತಿನ್ನುವವರು. ಹೈದರಾಬಾದಿನ ಆಸ್ಪತ್ರೆಗಳಿಗೆ ಬರುತ್ತಿದ್ದ ಇಂಥ ರೋಗಿಗಳನ್ನು ಪರೀಕ್ಷಿಸಿದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು 1960ರಲ್ಲಿ ಒಂದು ಹೊಸ ವಿಚಾರವನ್ನು ಮುಂದಿಟ್ಟರು. ಜೋಳದಲ್ಲಿ ಟ್ರಿಪ್ಟೋಫೇನ್ ಮೆಕ್ಕೆಜೋಳದಲ್ಲಿರುವಷ್ಟು ಕಡಿಮೆಯಿಲ್ಲ; ಆದರೆ ಲ್ಯೂಸೀನ್ ಎಂಬ ಇನ್ನೊಂದು ಅಮೈನೋ ಆಮ್ಲವು ಅತಿಯಾಗಿದೆ. ಆ ಅತಿಯೇ ದೇಹದಲ್ಲಿ ನಯಾಸಿನ್ನಿನ ತಯಾರಿಕೆಯನ್ನು ಕೆಡಿಸುತ್ತದೆಯೆಂಬುದು ಅವರ ವಾದ. ಅನಂತರ ಬಂದ ಸಂಶೋಧಕರೆಲ್ಲರೂ ಇದನ್ನು ಒಪ್ಪಿದರೆಂದು ಹೇಳಲಾಗದು. ಆದರೂ ಒಂದು ಮಾತು ಇತ್ಯರ್ಥವಾಯಿತು: ಕೆಟ್ಟದ್ದು ಜೋಳವಲ್ಲ, ಜೋಳವೊಂದೇ ಆಗಿರುವುದು. ಮಡಕೆಕಾಳು, ಹೆಸರುಕಾಳು, ಬೇಳೆ, ಸೊಪ್ಪು, ಮೊಸರು ಇವು ರೊಟ್ಟಿಯ ಜೊತೆಗಿದ್ದ ಮನೆಯಲ್ಲಿ ಪೆಲ್ಲಾಗ್ರಕ್ಕೆ ಎಡೆಯಿಲ್ಲ. 100 ಗ್ರಾಂ ಶೇಂಗಾದಲ್ಲಿ 10 ಮಿಲಿಗ್ರಾಮಿಗೂ ಹೆಚ್ಚು ನಯಾಸಿನ್ ಇದೆ. ಉತ್ತರ ಕರ್ನಾಟಕದ ಊಟದಲ್ಲಿ ರೊಟ್ಟಿಯ ಮಗ್ಗುಲಿಗೆ ಬೀಳುವ ಶೇಂಗಾ ಚಟ್ನಿಪುಡಿಯು ರುಚಿಗೆಂದು ಮಾತ್ರ ಬಂದುದೆಂದು ಎಣಿಸಿದರೆ ಅದಕ್ಕೆ ಅನ್ಯಾಯ ಮಾಡಿದಂತೆ. ಒಣ ರೊಟ್ಟಿ ಮತ್ತು ಮೆಣಸಿನಕಾಯಿಯಲ್ಲಿಯೇ ಹೊತ್ತು ಕಳೆಯಬೇಕಾದ ಕೂಲಿಯವನಿಗೆ ಮಾತ್ರ ಈ ರಕ್ಷೆ ಇರಲಿಲ್ಲ.

ಇದೇ ಗೋಪಾಲನ್ ಅವರು ಕೂನೂರಿನಲ್ಲಿದ್ದಾಗ, 1946ರಲ್ಲಿ, ‘ಉರಿಯುವ ಪಾದ’ಗಳ ಮೇಲೊಂದು ಅಧ್ಯಯನವನ್ನು ಪ್ರಕಟಿಸಿದ್ದರು. ಈ ಬೇನೆಯ ವಿವರಣೆ 1826ರಷ್ಟು ಹಿಂದೆಯೇ ಗ್ರಿಯರ್ಸನ್ ಎಂಬ ವೈದ್ಯರ ಬರಹದಲ್ಲಿ ದೊರೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಸೈನಿಕರೂ ರಾತ್ರಿಯಿಡೀ ಪಾದಗಳ ಉರಿಯಿಂದ ನರಳಿದ್ದರು. ದಕ್ಷಿಣ ಭಾರತದ ಬಡರೋಗಿಗಳಲ್ಲಿ ಗೋಪಾಲನ್ ಅವರು ಕಂಡಂತೆ, ಆ ಉರಿಯನ್ನು ಶಮನಗೊಳಿಸಿದುದು ‘ಬಿ’ ಗುಂಪಿನದೇ ಆದ ಪ್ಯಾಂಟೋಥೆನಿಕ್ ಆಮ್ಲ. ಮುಂದೆ ಅಮೆರಿಕದಲ್ಲಿ ಸ್ವಯಂಸೇವಕರಿಗೆ ಆ ಆಮ್ಲವು ದೊರೆಯದಂತೆ ಮಾಡಿದಾಗ ಅವರ ಪಾದಗಳೂ ಉರಿಯತೊಡಗಿದವು. ಹೀಗೆ ಕಾಲಿನ ಒಂದೇ ದೂರಿಗೆ ಒಂದೆಡೆ ಬಿ-1, ಒಂದೆಡೆ ನಯಾಸಿನ್, ಇನ್ನೊಂದೆಡೆ ಪ್ಯಾಂಟೋಥೆನಿಕ್ ಆಮ್ಲ ಕಾರಣವೆಂದು ಗೊತ್ತಾಯಿತು. ಒಂದರ ಕೊರತೆಯನ್ನು ಇನ್ನೊಂದು ತುಂಬುವಂತಿಲ್ಲ.

ಬೆರಿಬೆರಿ ಮತ್ತು ಪೆಲ್ಲಾಗ್ರಗಳು ಈಗ ವಿರಳವಾಗಿವೆ. ಇಂದು ವೈದ್ಯರು ಹೆಚ್ಚಾಗಿ ಶಂಕಿಸುವುದು ಬಿ-12ರ ಕೊರತೆಯನ್ನು. ಇದು ಯಾವ ಧಾನ್ಯದಲ್ಲಿಯೂ, ಯಾವ ಕಾಯಿಪಲ್ಯದಲ್ಲಿಯೂ ಇಲ್ಲ. ಕೋಬಾಲ್ಟ್ ಲೋಹದ ಒಂದು ಪರಮಾಣುವನ್ನು ನಡುವೆ ಇರಿಸಿಕೊಂಡಿರುವ ಈ ಕೆಂಪು ವಸ್ತುವನ್ನು ತಯಾರಿಸಬಲ್ಲವು ಸೂಕ್ಷ್ಮಜೀವಿಗಳು ಮಾತ್ರ. ಮೆಲುಕು ಹಾಕುವ ಎಮ್ಮೆ ಆಕಳುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ; ಅಲ್ಲಿಂದ ಅದು ಹಾಲಿಗೂ ಮಾಂಸಕ್ಕೂ ಬರುತ್ತದೆ. ಮನುಷ್ಯನಿಗೆ ದಿನವೊಂದಕ್ಕೆ ಬೇಕಾದುದು ಎರಡು ಮೈಕ್ರೋಗ್ರಾಮಿಗಿಂತ ತುಸು ಹೆಚ್ಚು. ಎಪ್ಪತ್ತು ವರ್ಷ ಬಾಳಿದವನಿಗೂ ಒಟ್ಟು ಬೇಕಾಗುವ ಪ್ರಮಾಣವು 60 ಮಿಲಿಗ್ರಾಮನ್ನು ಮುಟ್ಟದು. ಆದರೂ ಅಷ್ಟಿಲ್ಲದಿದ್ದರೆ ನರತಂತುಗಳನ್ನು ಸುತ್ತಿರುವ ಮೇದಸ್ಸಿನ ಕವಚವು ಕೆಡುತ್ತದೆ. ಕಾಲು ಜೋಮು ಹಿಡಿಯುವುದಲ್ಲದೆ, ಮಿದುಳುಬಳ್ಳಿಯೂ ಹಾನಿಗೊಂಡು, ಕತ್ತಲಲ್ಲಿ ಹೆಜ್ಜೆ ತಪ್ಪುತ್ತದೆ, ನೆನಪು ಮಸಳುತ್ತದೆ.

ಯಕೃತ್ತಿನಲ್ಲಿ ಬಿ-12ರ ಸಂಗ್ರಹವು ಹಲವು ವರ್ಷಗಳಿಗೆ ಸಾಲುವಷ್ಟಿರುವುದರಿಂದ ಕೊರತೆಯು ಬಹು ನಿಧಾನವಾಗಿ, ಸದ್ದಿಲ್ಲದೆ ಬರುತ್ತದೆ. ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟದವರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಸರೆ. ಮುಧೋಳ ಸೀಮೆಯಲ್ಲಿ ಸಸ್ಯಾಹಾರಿ ಮನೆತನಗಳು ಹಲವು. ಹಾಲನ್ನೆಲ್ಲ ಡೈರಿಗೆ ಹಾಕಿ, ಮನೆಗೆ ಚಹದಷ್ಟೇ ಉಳಿಸಿಕೊಳ್ಳುವ ಮನೆಯಲ್ಲಿ ಎಮ್ಮೆಯಿದ್ದರೂ ಬಿ-12 ಇರಲಾರದು. ಮುಪ್ಪಿನಲ್ಲಿ ಇನ್ನೊಂದು ತೊಡಕೂ ಇದೆ. ಜಠರದಲ್ಲಿ ಊರುವ ಒಂದು ಸಹಾಯಕ ವಸ್ತು ಜೊತೆಗೂಡದೆ ಕರುಳು ಬಿ-12ನ್ನು ಸರಿಯಾಗಿ ಹೀರಿಕೊಳ್ಳಲಾರದು. ಅಮೆರಿಕದ ವಿಲಿಯಂ ಕ್ಯಾಸಲ್ ಎಂಬ ವೈದ್ಯರು ಈ ಸಹಾಯಕ ವಸ್ತುವಿನ ಇರವನ್ನು 1929ರಲ್ಲಿ ತೋರಿಸಿದ್ದರು. ಜಠರದ ಆಮ್ಲ ಕುಂದಿದವರಲ್ಲಿಯೂ ಆಹಾರದಿಂದ ಬಿ-12 ಬಿಡುಗಡೆಯಾಗುವುದು ಕಡಿಮೆಯಾಗುತ್ತದೆ.

ಇಲ್ಲಿ ಒಂದು ಮೋಸವೂ ಅಡಗಿದೆ. ಬಿ-12 ಕಡಿಮೆಯಾದಾಗ ರಕ್ತಹೀನತೆಯೂ ಉಂಟಾಗುತ್ತದೆ. ಭೀಮಾವರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳುತನದಲ್ಲಿ 1945ರಲ್ಲಿ ಫೋಲಿಕ್ ಆಮ್ಲವು ಕೃತಕವಾಗಿ ತಯಾರಾಯಿತು. ಅದನ್ನು ಇಂಥ ರೋಗಿಗಳಿಗೆ ಕೊಟ್ಟಾಗ ರಕ್ತವು ಬೇಗನೆ ಸುಧಾರಿಸಿತು. ವೈದ್ಯರು ಸಂತೋಷಪಟ್ಟರು. ಆದರೆ ಕೆಲವೇ ವರ್ಷಗಳೊಳಗೆ, ಮುಖದಲ್ಲಿ ಕೆಂಪೇರಿದ ಅದೇ ರೋಗಿಗಳ ಕಾಲುಗಳು ಸೋಲುತ್ತಿರುವುದು ಗಮನಕ್ಕೆ ಬಂತು. ರಕ್ತವು ಸರಿಹೋದುದರಿಂದ ರೋಗವೇ ಹೋಯಿತೆಂಬ ಭ್ರಮೆ ಹುಟ್ಟಿ, ನರಗಳ ನಾಶವು ಒಳಗೇ ಸಾಗಿತ್ತು. 1948ರಲ್ಲಿ ಬಿ-12 ಶುದ್ಧರೂಪದಲ್ಲಿ ದೊರೆತ ಮೇಲೆ ಈ ಬಿಕ್ಕಟ್ಟು ಬಗೆಹರಿಯಿತು. ಅದರ ಜಟಿಲವಾದ ರಚನೆಯನ್ನು 1956ರ ಹೊತ್ತಿಗೆ ಬಿಡಿಸಿದ ಡೊರೊತಿ ಹಾಜ್‌ಕಿನ್ ಅವರಿಗೆ 1964ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಭಾರತದಲ್ಲಿ 2021ರಲ್ಲಿ ಘೋಷಿತವಾದ ಯೋಜನೆಯಂತೆ 2024ರ ಮಾರ್ಚ್ ವೇಳೆಗೆ ಪಡಿತರ ಅಂಗಡಿಗಳಿಗೆ ಬಲವರ್ಧಿತ ಅಕ್ಕಿಯು ತಲುಪಿತು. ಅದಕ್ಕೆ ಕಡ್ಡಾಯವಾಗಿ ಸೇರಿಸಿದವು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ-12. ಅಕ್ಕಿಯಲ್ಲಿ ಎಂದೂ ಇಲ್ಲದ ಬಿ-12 ಹೊರಗಿನಿಂದ ಬಂದು ಸೇರಿತು. ಗಿರಣಿಯು ಅದರಿಂದ ಕಿತ್ತುಕೊಂಡ ಥಯಾಮಿನ್ ಮಾತ್ರ ಆ ಕಡ್ಡಾಯದ ಪಟ್ಟಿಯಲ್ಲಿರಲಿಲ್ಲ.

ಔಷಧವೂ ನರಗಳನ್ನು ಹಸಿವಿಗೆ ಈಡುಮಾಡಬಹುದು. 1952ರಲ್ಲಿ ಬಳಕೆಗೆ ಬಂದ ಐಸೋನಿಯಾಸಿಡ್ ಕ್ಷಯರೋಗಕ್ಕೆ ರಾಮಬಾಣವೆನಿಸಿತು. ಆದರೆ ಅದನ್ನು ಸೇವಿಸಿದ ಕೆಲವರ ಕೈಕಾಲುಗಳು ಮರಗಟ್ಟಿದವು. ಆ ಔಷಧವು ದೇಹದಲ್ಲಿರುವ ಬಿ-6ನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಮದರಾಸಿನಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರದ ವೈದ್ಯರು, ದಿನಕ್ಕೆ ಕೇವಲ 6 ಮಿಲಿಗ್ರಾಂ ಬಿ-6 ಕೊಟ್ಟರೂ ಈ ತೊಂದರೆಯನ್ನು ತಡೆಯಬಹುದೆಂದು 1963ರಲ್ಲಿ ವರದಿ ಮಾಡಿದರು. ಇಷ್ಟು ಒಳ್ಳೆಯದಾದ ವಸ್ತುವನ್ನು ಹೆಚ್ಚು ತೆಗೆದುಕೊಂಡರೆ ಇನ್ನೂ ಒಳ್ಳೆಯದಾಗಬೇಕಲ್ಲವೆ? ಹಾಗೆ ಭಾವಿಸಿದವರಿದ್ದರು. ದಿನಕ್ಕೆ ಬೇಕಾದುದು ಸುಮಾರು 2 ಮಿಲಿಗ್ರಾಂ. 1983ರಲ್ಲಿ ಅಮೆರಿಕದ ವೈದ್ಯ ಷಾಂಬರ್ಗ್ ಮತ್ತು ಸಂಗಡಿಗರು ವರದಿ ಮಾಡಿದ ಏಳು ಮಂದಿ ದಿನಕ್ಕೆ 2ರಿಂದ 6 ಗ್ರಾಮಿನವರೆಗೆ, ಎಂದರೆ ಸಾವಿರ ಪಟ್ಟಿಗೂ ಮಿಗಿಲಾಗಿ, ತಿಂಗಳುಗಟ್ಟಲೆ ನುಂಗಿದ್ದರು. ಅವರ ಪಾದಗಳು ಮರಗಟ್ಟಿದವು, ನಡಿಗೆ ತೂರಾಡಿತು. ಗುಳಿಗೆಯನ್ನು ನಿಲ್ಲಿಸಿದ ಮೇಲೆ ಮೆಲ್ಲನೆ ಸುಧಾರಿಸಿದರು. ಯಾವ ಬೇನೆಗೆ ಬಿ-6 ಮದ್ದೋ ಅದೇ ಬೇನೆಯನ್ನು ಬಿ-6 ತಂದಿತ್ತು. ಇನ್ನೂ ಕಡಿಮೆ ಪ್ರಮಾಣದಲ್ಲಿಯೂ ಇಂಥ ಹಾನಿ ಕಂಡುಬಂದುದರಿಂದ, ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಮಿನ ಮಿತಿಯನ್ನು ವಿಧಿಸಿತು.

ಹಾಗಾದರೆ ಕೊರತೆಯೇ ಇಲ್ಲದವನಿಗೆ ಈ ಗುಳಿಗೆಯಿಂದ ಏನು ಪ್ರಯೋಜನ? ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವಿಮರ್ಶಕರ ಬಳಗವು 2008ರಲ್ಲಿ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಅವುಗಳಲ್ಲಿದ್ದ 741 ರೋಗಿಗಳ ನರಬೇನೆಗೆ ಮಧುಮೇಹ ಅಥವಾ ಮದ್ಯಪಾನ ಕಾರಣವಾಗಿತ್ತು. ‘ಬಿ’ ಜೀವಸತ್ವಗಳು ಅವರಿಗೆ ಉಪಕಾರಿಯೆಂದಾಗಲಿ ಅಲ್ಲವೆಂದಾಗಲಿ ನಿಶ್ಚಯಿಸಲು ಸಾಕಷ್ಟು ಆಧಾರವಿಲ್ಲವೆಂಬುದೇ ಅದರ ತೀರ್ಮಾನ. ಮಧುಮೇಹದಲ್ಲಿ ರಕ್ತದ ಹೆಚ್ಚಿದ ಸಕ್ಕರೆಯೇ ನರಗಳನ್ನೂ ಅವುಗಳಿಗೆ ರಕ್ತವನ್ನು ಒದಗಿಸುವ ಸಣ್ಣ ನಾಳಗಳನ್ನೂ ಕೆಡಿಸುತ್ತದೆ. ಸಕ್ಕರೆಯನ್ನು ಹತೋಟಿಯಲ್ಲಿಡದೆ ಜೀವಸತ್ವವನ್ನು ನುಂಗುವುದು, ಉಪ್ಪುನೀರು ನಿಂತ ಹೊಲಕ್ಕೆ ಗೊಬ್ಬರ ಸುರಿದಂತೆ. ಕುಷ್ಠರೋಗದಲ್ಲಿಯೂ ಪಾದಗಳು ಮರಗಟ್ಟುತ್ತವೆ. ಅಲ್ಲಿ ನರಗಳನ್ನು ಹಾಳುಮಾಡುವುದು ರೋಗಾಣು. ಅದಕ್ಕೆ ಪೂರ್ಣವಾಗಿ ಗುಣಪಡಿಸುವ ಬಹುವಿಧ ಔಷಧ ಚಿಕಿತ್ಸೆಯು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಬಣ್ಣಗೆಟ್ಟು ಸ್ಪರ್ಶವಿಲ್ಲದ ಮಚ್ಚೆಯನ್ನು ತೋರಿಸದೆ ಗುಳಿಗೆಯಲ್ಲಿ ಕಾಲ ಕಳೆದವನು ಬೆರಳುಗಳನ್ನೇ ಕಳೆದುಕೊಳ್ಳಬಹುದು. ಎರೆಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವ ಮಧುಮೇಹಿಗೆ ಜಾಲಿಮುಳ್ಳು ನಟ್ಟರೂ ನೋವಿಲ್ಲ. ನೋವಿಲ್ಲವೆಂದೇ ಗಾಯವನ್ನು ನೋಡಿಕೊಳ್ಳುವುದಿಲ್ಲ. ಕೀವು ತುಂಬಿ ಎಲುಬಿಗೆ ಇಳಿದ ಮೇಲೆ ಪಾದವನ್ನೇ ಕತ್ತರಿಸಬೇಕಾಗಿ ಬರುವುದುಂಟು. ನೋವೆಂಬುದು ನರಗಳ ಕಾವಲುಗಾರ.

ಇನ್ನೂ ಒಂದು ಸಿಕ್ಕು ಇದರಲ್ಲಿದೆ. ಮಧುಮೇಹಕ್ಕೆ ಬಹು ಮಂದಿ ಸೇವಿಸುವ ಮೆಟ್‌ಫಾರ್ಮಿನ್ ಒಳ್ಳೆಯ ಔಷಧವೇ ಆದರೂ, ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ-12ರ ಮಟ್ಟವು ಇಳಿಯುವುದುಂಟು. ಆದ್ದರಿಂದ ಮಧುಮೇಹಿಯ ಕಾಲಿನ ಜೋಮಿಗೆ ಸಕ್ಕರೆ ಕಾರಣವಾಗಿರಬಹುದು, ಬಿ-12ರ ಕೊರತೆ ಕಾರಣವಾಗಿರಬಹುದು, ಎರಡೂ ಕೂಡಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದಕ್ಕಾಗಿಯೇ ವೈದ್ಯರು ಮೊದಲು ಶ್ರುತಿಕವೆಯನ್ನು ಮಿಡಿದು ಹೆಬ್ಬೆರಳಿನ ಮೇಲಿಟ್ಟು ಕಂಪನ ತಿಳಿಯುವುದೇ ಎಂದು ಕೇಳುತ್ತಾರೆ. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ. ರಕ್ತದಲ್ಲಿ ಸಕ್ಕರೆಯನ್ನೂ ಬಿ-12ನ್ನೂ ಅಳೆಯಿಸುತ್ತಾರೆ. ಯಾವ ಔಷಧ, ಯಾವ ಊಟ, ಎಷ್ಟು ಹಾಲು ಎಂದು ವಿಚಾರಿಸುತ್ತಾರೆ. ಕೊರತೆ ಖಚಿತವಾದರೆ ಬಿ-12ನ್ನು ಚುಚ್ಚುಮದ್ದಾಗಿಯೋ ಗುಳಿಗೆಯಾಗಿಯೋ ಕೊಡುತ್ತಾರೆ. ಆಗ ಅದರಷ್ಟು ಉಪಕಾರಿಯಾದ ಮದ್ದು ಬೇರೊಂದಿಲ್ಲ.

ಗುಣವಾಗುವ ರೀತಿಯೂ ಗಮನಾರ್ಹವಾಗಿದೆ. ಬಿ-12ರ ಕೊರತೆಯನ್ನು ತುಂಬಿದ ಕೆಲವೇ ದಿನಗಳಲ್ಲಿ ರಕ್ತವು ಚೇತರಿಸಿಕೊಳ್ಳತೊಡಗುತ್ತದೆ. ನರಗಳಿಗೆ ತಿಂಗಳುಗಳು ಬೇಕು. ಕವಚ ಮಾತ್ರ ಕೆಟ್ಟಿದ್ದರೆ ಅದು ಮತ್ತೆ ಸುತ್ತಿಕೊಳ್ಳುತ್ತದೆ. ತಂತುವೇ ನಾಶವಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಹೊಸದಾಗಿ ಬೆಳೆದು ಬರಬೇಕು. ಸೊಂಟದಿಂದ ಕಾಲ್ಬೆರಳಿನವರೆಗೆ ಹೋಗಿ ಮುಟ್ಟಲು ಸಾವಿರ ದಿನಗಳು. ಬಹುಕಾಲ ಕಡೆಗಣಿಸಿದ್ದರೆ ಅದು ಪೂರ್ತಿ ಬೆಳೆದು ಬರದೆಯೂ ಇರಬಹುದು. ಚೇತರಿಕೆಯು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಮೊದಲು ಮೊಣಕಾಲಿನ ಕೆಳಭಾಗ, ಆಮೇಲೆ ಕಣಕಾಲು, ಅನಂತರ ಅಂಗಾಲು. ಎಲ್ಲಕ್ಕಿಂತ ಮೊದಲು ಸಂವೇದನೆಯನ್ನು ಕಳೆದುಕೊಂಡ ಹೆಬ್ಬೆರಳು ಅದನ್ನು ಮರಳಿ ಪಡೆಯುವುದು ಎಲ್ಲಕ್ಕಿಂತ ಕೊನೆಗೆ.